ನಲವತ್ತೊಂದು ಇಂಚಿನ ಬಾಗಿಲು

ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅರಸೀಕೆರೆಯಲ್ಲಿ ಏಕಾಂತಯ್ಯನವರು ಕಟ್ಟಿಸಿದ ಕಾಂಪ್ಲೆಕ್ಸಿನ ಮೊದಲ ಮಹಡಿ, ತಿಂಗಳ ಹಿಂದಷ್ಟೇ ಶುರುವಾದ ನರ್ಸಿಂಗ್ ಹೋಮು, ಅದರ ಆಪರೇಷನ್ ಥಿಯೇಟರಿನ ಬಾಗಿಲು. ಮಂಚದ ಮೇಲಿದ್ದವನು ಗಂಡಸಿ ಕಡೆಯ ಸ್ವಾಮಿ. ಬೆಳಿಗ್ಗೆ ಕಾಯಿ ಕೀಳಲು ತೆಂಗಿನಮರ ಹತ್ತಿ, ಬಿದ್ದು, ಕತ್ತಿನ ಮೂಳೆ ಮುರಿದುಕೊಂಡಿದ್ದ. ತಲೆಗೆ ಕಬ್ಬಿಣದ ಇಕ್ಕುಳ ಬಿಗಿದು, ಅದಕ್ಕೆ ಹಗ್ಗ ಕಟ್ಟಿ, ತಲೆಗಡೆಯಿಂದ ಭಾರ ಇಳಿಬಿಟ್ಟಿದ್ದರು. ಅವನನ್ನು ಎತ್ತುವಂತಿರಲಿಲ್ಲ, ಮಂಚದ ಸಮೇತವೇ ಒಳಗೆ ಒಯ್ಯಬೇಕಿತ್ತು.

ಫೋನು ಬಂದದ್ದೇ ತಡ, ಕಟ್ಟಡದ ಇಂಜಿನಿಯರ್ ಶಿಲ್ಪಶ್ರೀ ಬಾಗಿಲು ಮಾಡಿದ ಕುಮಾರನನ್ನು ಕರೆದುಕೊಂಡು ಓಡಿ ಬಂದಿದ್ದಳು. ಅಷ್ಟರಲ್ಲಿ ಮಂಚದ ಕೈಕಂಬಿ ಕಳಚಿದ್ದರು, ಬಾಗಿಲ ಹಲಗೆಯನ್ನೂ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅವಳು ಟೇಪು ಹಿಡಿದಳು. ಮಂಚ ನಲವತ್ತೊಂದೂವರೆ ಇಂಚು. ಬಾಗಿಲು ನಲವತ್ತೊಂದು.

"ಯಾರ್ರೀ ಈ ಅಳತೆ ಬರೆದಿದ್ದು?" ಸರ್ಜನ್ ಕೇಳಿದರು.

"ನಾನೇ ಸಾರ್."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕುಮಾರನ ಕಡೆ ತಿರುಗಿ, "ಚೌಕಟ್ಟು ಕೊಯ್ಯೋಕೆ ಎಷ್ಟು ಹೊತ್ತು ಬೇಕು?" ಎಂದರು.

ಕುಮಾರ ಚೌಕಟ್ಟನ್ನು ಬೆರಳಿನಿಂದ ಬಡಿದು ನೋಡಿದ. ತಗಡಿನ ಸದ್ದು ಬರಲಿಲ್ಲ. "ಒಳಗೆ ಟೊಳ್ಳು ಬಿಟ್ಟಿದ್ರೆ ಕಾಲು ಗಂಟೆ ಸಾ. ಮೇಡಮ್ಮು ನಿಂತ್ಕಂಡು ಸಿಮೆಂಟು ತುಂಬ್ಸವ್ರೆ. ಈಗ ಒಡೀಬೇಕು ಅಂದ್ರೆ ಎರಡು ಗಂಟೆ ಆಯ್ತದೆ."

ಹೌದು, ತುಂಬಿಸಿದ್ದಳು. ಆಸ್ಪತ್ರೆಯ ಬಾಗಿಲು ಅಲುಗಾಡಬಾರದೆಂದು ಅಷ್ಟು ಹಟ ಹಿಡಿದವಳು ಹಿಡಿಯಬೇಕಾದ ಕಡೆ ಹಟ ಹಿಡಿದಿರಲಿಲ್ಲ. ಎರಡು ಕಂಬಗಳ ನಡುವೆ ಇದ್ದದ್ದೇ ನಲವತ್ತಾರು ಇಂಚು. ಅದಕ್ಕೇ ಅವಳು ಮೊದಲು ಬರೆದದ್ದು ಕಿರಿದಾದ ಮುಖದ ಉಕ್ಕಿನ ಚೌಕಟ್ಟು. ಎರಡೂ ಪಕ್ಕಕ್ಕೆ ಒಂದೊಂದೇ ಇಂಚು ಹೋಗಿ ನಡುವೆ ನಲವತ್ತನಾಲ್ಕು ಉಳಿಯುತ್ತಿತ್ತು. ಏಕಾಂತಯ್ಯನವರು ನಕ್ಷೆಯ ಮೇಲೆ ಬೆರಳಿಟ್ಟು ವಾಸ್ತುವಿನ ಆಯ ಲೆಕ್ಕ ಹಾಕಿದ್ದರು. "ನಲವತ್ನಾಕನ್ನ ಎಂಟ್ರಿಂದ ಭಾಗ್ಸಿದ್ರೆ ನಾಕು ಉಳೀತದೆ. ಶ್ವಾನಾಯ. ಅಂಥ ಬಾಗ್ಲು ನನ್ನ ಕಟ್ಟಡದಾಗೆ ಬ್ಯಾಡ ಕಣಮ್ಮ. ನಲವತ್ತೊಂದು ಮಾಡು, ಒಂದು ಉಳೀತದೆ, ಧ್ವಜಾಯ." ಮೇಲಿನ ಎರಡು ಮಹಡಿಯ ಕೆಲಸವನ್ನು ಅವಳಿಗೆ ಕೊಡುವುದೂ ಬಿಡುವುದೂ ಅವರ ಕೈಯಲ್ಲೇ ಇತ್ತು. ಶಿಲ್ಪಶ್ರೀ ಚೌಕಟ್ಟಿನ ಮುಖದ ಅಳತೆಯಲ್ಲಿ ಒಂದು ಇಂಚನ್ನು ಹೊಡೆದುಹಾಕಿ ಎರಡೂವರೆ ಎಂದು ಬರೆದಳು. ಸ್ಟ್ರೆಚರ್ ಹೋಗುತ್ತದಲ್ಲ, ಮಂಚವನ್ನು ಯಾರು ತರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸಹಿ ಹಾಕಿದಳು.

"ಎರಡು ಗಂಟೆ ಕಾಯೋಕಾಗಲ್ಲ," ಎಂದರು ಸರ್ಜನ್. "ಒಳಗೆ ಊತ ಏರ್ತಾ ಇದೆ. ಸ್ವಾಮಿ, ಬೆರಳು ಆಡಿಸಪ್ಪ."

ಸ್ವಾಮಿ ಆಡಿಸಿದ. ಎರಡು ಕೈಯ ಹತ್ತೂ ಬೆರಳು ಆಡಿದವು. ಮರದ ತೊಗಟೆಗೆ ತರಚಿ ಗಡುಸಾದ, ದಪ್ಪ ಉಗುರಿನ ಬೆರಳುಗಳು. ಶಿಲ್ಪಶ್ರೀ ಅವನ್ನೇ ನೋಡುತ್ತ ನಿಂತಳು. ಇವಿಷ್ಟು ಉಳಿದರೆ ಸಾಕು ಎಂದು ಯಾರಿಗೆಂದಿಲ್ಲದೆ ಬೇಡಿಕೊಂಡಳು.

ಬೆನ್ನಡಿಯ ಬಟ್ಟೆಯನ್ನೇ ಹಿಡಿದು ಎತ್ತಿದರು. ಜನ ಸಾಲದೆ ಕುಮಾರನೂ ಒಂದು ತುದಿ ಹಿಡಿದ. ತಲೆಯನ್ನು ಸರ್ಜನ್ ತಮ್ಮ ಎರಡು ಕೈಯಲ್ಲಿ ಹಿಡಿದರು. ಆದರೆ ಇಷ್ಟೇ ಅಗಲದ ಬಾಗಿಲಿನಲ್ಲಿ ರೋಗಿಯ ಜೊತೆಗೆ ಎರಡು ಪಕ್ಕದವರೂ ಹೇಗೆ ತೂರಿಯಾರು? ಹೊರಗಿನವರು ಬಿಡಬೇಕು, ಒಳಗಿನವರು ಹಿಡಿಯಬೇಕು. ಆ ಕೈ ಬದಲಾಗುವ ಹೊತ್ತಿನಲ್ಲಿ ಬಟ್ಟೆ ಒಂದು ಗೇಣು ಜಗ್ಗಿತು. ಸ್ವಾಮಿ "ಅವ್ವ" ಎಂದ, ಅಷ್ಟೇ.

ಮೇಜಿನ ಮೇಲೆ ಮಲಗಿಸಿದ ಮೇಲೆ ಸರ್ಜನ್ ಮತ್ತೆ ಹೇಳಿದರು: "ಬೆರಳು ಆಡಿಸಪ್ಪ."

"ಆಡಿಸ್ತಾನೇ ಇವ್ನಲ್ಲ ಸಾ," ಎಂದ ಸ್ವಾಮಿ.

ಬೆರಳುಗಳು ಬಟ್ಟೆಯ ಮೇಲೆ ಇಟ್ಟಲ್ಲೇ ಇದ್ದವು.

ಸ್ವಾಮಿಯ ಹೆಂಡತಿ ರಮಾ ಆಗ ಕೆಳಗೆ ಔಷಧಿಯಂಗಡಿಯಲ್ಲಿದ್ದಳು. ಬಾಗಿಲಲ್ಲಿ ನಡೆದದ್ದನ್ನು ಅವಳಿಗೆ ಯಾರೂ ಹೇಳಲಿಲ್ಲ. ಸಂಜೆ ಐದರ ಹೊತ್ತಿಗೆ ಸರ್ಜನ್ ಹೊರಗೆ ಬಂದು, ಜೀವಕ್ಕೆ ಅಪಾಯವಿಲ್ಲ, ಕೈಕಾಲು ಮಾತ್ರ ಬರುವ ಭರವಸೆ ಇಲ್ಲ ಎಂದು ಹೇಳಿ ಕೆಳಗಿಳಿದು ಹೋದರು. ರಮಾ ಬೆಂಚಿನ ಮೇಲೆ ಕುಸಿದಳು. ಪಕ್ಕದಲ್ಲಿ ಕೂತ ಶಿಲ್ಪಶ್ರೀ ನನ್ನಿಂದಾಯಿತು ಎಂದು ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಹೊರಬಂದದ್ದು, ನೀರು ಕುಡೀತೀರಾ ಎಂಬ ಮಾತು.

ಕೆಳಗೆ ಸರ್ಜನ್ ಬಾಯಿಂದ ಅಷ್ಟನ್ನೇ ಕೇಳಿ ಏಕಾಂತಯ್ಯನವರು ಮೆಟ್ಟಿಲು ಹತ್ತಿ ಬಂದರು. ಅವರೇನೂ ಕೆಟ್ಟ ಮನುಷ್ಯರಲ್ಲ. ರಮಾಳ ಎದುರು ನಿಂತಾಗ ಅವರ ಕಣ್ಣಲ್ಲೂ ನೀರು ಬಂದಿತ್ತು.

"ಅಷ್ಟೆತ್ತರದಿಂದ ಬಿದ್ದೋನು ಜೀವ ಉಳಿಸ್ಕಂಡ್ನಲ್ಲ ತಾಯಿ, ಧೈರ್ಯ ತಂದ್ಕ. ಸುಮ್‌ಸುಮ್ನೆ ಉಳೀಲಿಲ್ಲ ಅವ್ನು. ಆ ಬಾಗ್ಲು ಆಯ ನೋಡಿ ಇಕ್ಸಿರೋದು. ಬೇಕಾದ್ರೆ ಈಯಮ್ಮನ್ನೇ ಕೇಳು, ಅಳತೆ ಬರ್ದೋರೇ ಇವ್ರು."

ರಮಾ ಶಿಲ್ಪಶ್ರೀಯ ಮುಖ ನೋಡಿದಳು. "ಹೌದಾ ಅಕ್ಕ?"

ಶಿಲ್ಪಶ್ರೀ ತಲೆ ತಗ್ಗಿಸಿದಳು. ಅದನ್ನೇ ಹೂಂ ಎಂದುಕೊಂಡು ರಮಾ ಎದ್ದು ಥಿಯೇಟರಿನ ಬಾಗಿಲ ಬಳಿ ಹೋದಳು. ಬಳಿದ ಬಣ್ಣದ ವಾಸನೆ ಇನ್ನೂ ಹೋಗದ ಆ ಚೌಕಟ್ಟನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.