ರಶ್ಮಿಯ ಮೂರು ಆನೆಗಳು

"ಈ ಆಟ ನಿಂಗೆ ಈ ಜನ್ಮದಲ್ಲಿ ಬರಲ್ಲ ಕಣೆ" ಎಂದವಳು ಹುಣಸೂರಿನ ಚಿಕ್ಕಪ್ಪನ ಮಗಳು ರಶ್ಮಿ. ಆಟದ ನಿಯಮವೆಲ್ಲ ಇಂಗ್ಲಿಷಿನಲ್ಲಿತ್ತು, ನಾನು ಹಳ್ಳಿ ಶಾಲೆಯವಳು. ಮುಂದೆ ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನೇ; ಆದರೂ ಎನಾಮಲ್ ಪೇಂಟಿನ ವಾಸನೆ ಬಡಿದರೆ ಆ ಮಧ್ಯಾಹ್ನದ ಹೊಟ್ಟೆಕಿಚ್ಚು ಈಗಲೂ ಮೇಲೇಳುತ್ತದೆ.

ರಜೆಗೆಂದು ಅಜ್ಜಿಯ ಜೊತೆ ಅವರ ಮನೆಗೆ ಹೋಗಿದ್ದೆ. ಊಟದ ಮೇಜಿನ ಮೇಲೆ, ದಾಳ ಹಾಕಿ ಆಡುವ ಯುದ್ಧದಾಟಕ್ಕೆಂದು, ಪುರಾತನ ಕಾಲದ ಎರಡು ಗೊಂಬೆ ಸೈನ್ಯಗಳು ನಿಂತಿದ್ದವು. ಬೆರಳುದ್ದದ ಸೈನಿಕರಿಗೆಲ್ಲ ರಶ್ಮಿಯೇ ಎನಾಮಲ್ ಬಣ್ಣ ಬಳಿದಿದ್ದಳು. ನನಗೆ ಬಿಲ್ಲುಗಾರರನ್ನು ಕೊಟ್ಟು ಮೂರು ಆನೆಗಳನ್ನು ತಾನಿಟ್ಟುಕೊಂಡಳು. ಆನೆಯನ್ನು ಮುಟ್ಟಲು ಹೋದರೆ, "ಕೈ ತೊಳ್ಕೊಂಡು ಬಾರೆ" ಎಂದಳು. ತೊಳೆದು ಬಂದೆ. ಆಗಲೂ ಮುಟ್ಟಗೊಡಲಿಲ್ಲ.

ಡಿಕ್ಷನರಿ ಹಿಡಿದು ನಾಲ್ಕು ದಿನ ಒದ್ದಾಡಿ ನಿಯಮದ ಪುಸ್ತಕದಲ್ಲಿ ನಾನು ಓದಿದ್ದು ಆನೆಗಳ ಪುಟವೊಂದನ್ನೇ. ಗಾಬರಿಯಾದ ಆನೆ ತನ್ನವರನ್ನೇ ತುಳಿಯಬಹುದು ಎಂದಿತ್ತು. ಕಾಕನಕೋಟೆ ಕಾಡಂಚಿನಲ್ಲಿ ಹೊಲ ಕಾಯುತ್ತಿದ್ದ ಅಪ್ಪನೂ ಹೇಳುತ್ತಿದ್ದ, ಬೆದರಿದ ಆನೆಗೆ ತನ್ನವರು ಬೇರೆಯವರು ಅಂತಿಲ್ಲ ಎಂದು. ಐದನೆಯ ದಿನ ಆಟಕ್ಕೆ ಕೂತಾಗ ನನ್ನ ಬಿಲ್ಲುಗಾರರ ಬಾಣಗಳನ್ನೆಲ್ಲ ಆನೆಗಳ ಮೇಲೇ ಬಿಟ್ಟೆ. ದಾಳ ಉರುಳಿತು. ಆನೆಗಳು ಹಿಂದಿರುಗಿ ಅವಳ ಸೈನಿಕರನ್ನೇ ತುಳಿದು ಹಾಕಿದವು.

ಗೆದ್ದವರಿಗೆ ಕೊಡಲು ಚಿಕ್ಕಪ್ಪ ಸರ್ಟಿಫಿಕೇಟು ಪ್ರಿಂಟ್ ಮಾಡಿಸಿಟ್ಟಿದ್ದರು. ಅದರಲ್ಲಿ ಮೊದಲೇ ರಶ್ಮಿಯ ಹೆಸರಿತ್ತು. ಅದನ್ನು ಪೆನ್ನಿನಿಂದ ಹೊಡೆದುಹಾಕಿ, ನನ್ನ ಹೆಸರು ಬರೆದು ಕೈಗಿಟ್ಟರು. ನನ್ನ ಕಣ್ಣು ಮಾತ್ರ ಡಬ್ಬಿ ಸೇರುತ್ತಿದ್ದ ಆನೆಗಳ ಮೇಲಿತ್ತು.

ಅಜ್ಜಿ ನನ್ನ ಕಿವಿಯಲ್ಲಿ ಅಂದಳು: "ಬುಡವ್ವ ಅತ್ಲಾಗೆ. ಈಟೊತ್ತು ನೀನು ಒಟ್ಟೆ ಉರ್ಕಂಡೆ, ಈಗ ಅವ್ಳು ಒಸಿ ಉರ್ಕಳ್ಳಿ."