ಸದ್ದಿಲ್ಲದ ಗಾಡಿ

ಶುಕ್ರವಾರ ಬೆಳಗ್ಗೆ ಆರಕ್ಕೆ ಉಗ್ರಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಸ್ವಂತ ಮನೆಯಿಂದಲೇ ಕಳ್ಳನಂತೆ ಹೊರಬಂದ. ಹಿಂದೆ ಹೆಂಡತಿ ಕೃಷ್ಣವೇಣಿ, ಬಳೆ ಸದ್ದಾಗದಂತೆ ಎರಡೂ ಕೈಗೆ ಸೆರಗು ಸುತ್ತಿಕೊಂಡು. ಇಬ್ಬರೂ ಪಕ್ಕದ ಮನೆಯ ಕಾಂಪೌಂಡಿನತ್ತ ನೋಡಿದರು. ಗೋಡೆಯ ಮೇಲೆ ತಲೆ ಇರಲಿಲ್ಲ.

ಇರಬೇಕಾಗಿದ್ದ ತಲೆ ಓಬಕ್ಕನದು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಿಂದೂಪುರದಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಎಂಬತ್ತರ ಓಬಕ್ಕನಿಗೆ ಮಾತ್ರ ಗೊತ್ತಿದ್ದಂತಿರಲಿಲ್ಲ. ಮಗಳು ಸುಷ್ಮಾಳಿಗೆಂದು ಕಲ್ಯಾಣದುರ್ಗದ ಹುಡುಗನ ಮನೆ ನೋಡಲು ಉಗ್ರಪ್ಪ ಮೂರು ಸಲ ಹೊರಟಿದ್ದ. ಮೂರು ಸಲವೂ ಹಳೆಯ ಡೀಸೆಲ್ ಜೀಪು ಕೆಮ್ಮಿ, ಗುಡುಗಿ, ಬೀದಿಯನ್ನೆಲ್ಲ ಎಬ್ಬಿಸಿ ಇನ್ನೇನು ಉರುಳಬೇಕು, ಗೋಡೆಯ ಮೇಲೆ ತಲೆ.

“ಎಲ್ಲಿಗಪ್ಪಾ ಹೊಂಟೆ? ಎಕ್ಕಡಿಕಿ?”

ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಒಂದು ಭಾಷೆಯಲ್ಲಿ ತಪ್ಪಿಸಿಕೊಂಡವನು ಇನ್ನೊಂದರಲ್ಲಾದರೂ ಶನಿಯ ಕೈಗೆ ಸಿಗಲಿ ಎಂಬಂತೆ.

ಮೊದಲ ಸಲ ಉಗ್ರಪ್ಪ ಜೀಪಿನಿಂದಿಳಿದು ಒಳಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡುವಷ್ಟರಲ್ಲಿ ಸೋಮವಾರದ ರಾಹುಕಾಲ ಬಂದಿತ್ತು. ಎರಡನೆಯ ಸಲ ಧೈರ್ಯ ಮಾಡಿದ. ಪೆನುಕೊಂಡದ ಹತ್ತಿರ ಟೈರು ಒಡೆಯಿತು. ಮೂರನೆಯ ಸಲ ನೀರನ್ನೂ ಕುಡಿಯದೆ ಹೋಗಿ ಮಲಗಿಬಿಟ್ಟ.

ಸಂಬಂಧ ತಂದಿದ್ದ ಮರುಳಪ್ಪ ಬಂದು ಕೊನೆಯ ಮಾತು ಹೇಳಿದ. “ಈ ಶುಕ್ರವಾರ ಹತ್ತು ಗಂಟೆ ಒಳಗೆ ಬರದಿದ್ರೆ ಗೋರಂಟ್ಲದೋರಿಗೆ ಮಾತು ಕೊಡ್ತಾರಂತೆ. ಇಂಥ ಮನೆ ಮತ್ತೆ ಸಿಕ್ಕಲ್ಲ ಕಣಪ್ಪ. ರಸ್ತೆ ಪಕ್ಕದಾಗೆ ವ್ಯಾಪಾರ. ಲಾರಿಯೋರು ಸಾಲಾಗಿ ನಿಂತ್ಕೊಂಡು ಕಾಯ್ತಾರೆ.”

“ಈ ಸಲ ಆ ಮುದುಕಿ ಕೇಳ್ಲಿ, ಅವಳಪ್ಪ ಬಂದು ಕೇಳ್ಲಿ, ನಾನು ನಿಲ್ಲಾಕಿಲ್ಲ” ಎಂದ ಉಗ್ರಪ್ಪ.

ಸುಷ್ಮಾ ಶಾಲೆಯಲ್ಲಿ ಗಣಿತದ ಟೀಚರು. ಹುಡುಗಿಯನ್ನು ಒಂದು ಮಾತು ಕೇಳಿದಿರಾ ಎಂದು ಯಾರೂ ಕೇಳಿರಲಿಲ್ಲ. ಆ ಬೀದಿಯಲ್ಲಿ ಕೇಳುವ ಕೆಲಸವೆಲ್ಲ ಓಬಕ್ಕನದು. ಮಕ್ಕಳ ನೋಟ್‌ಬುಕ್ಕಿನಿಂದ ತಲೆಯೆತ್ತದೆ ಸುಷ್ಮಾ ಹೇಳಿದಳು: “ಯಾಕಪ್ಪ ರಿಸ್ಕು? ಜೀಪು ಕೊಟ್ಟು ಕರೆಂಟ್ ಕಾರು ತಗೊ. ಸದ್ದೇ ಇರಲ್ಲ. ಅಜ್ಜಿಗೆ ಗೊತ್ತಾದ್ರೆ ತಾನೇ ಕೇಳೋದು?”

ಉಗ್ರಪ್ಪ ಎದ್ದು ಜೀಪಿನ ಕಾಗದಪತ್ರ ಹುಡುಕತೊಡಗಿದ. ಮಗಳ ಮುತುವರ್ಜಿಯನ್ನು ಅವನು ಮೊದಲೂ ಕಂಡಿದ್ದ. ಈ ಸಂಬಂಧದ ಮಾತು ಶುರುವಾದಂದಿನಿಂದ ಸಂಜೆ ಸಂಜೆ ಓಬಕ್ಕನಿಗೆ ಎಲೆ ಅಡಿಕೆ ಕೊಟ್ಟು ಬರುತ್ತಿದ್ದಳು. ಪಾಪ, ಮುದುಕಿಯ ಬಾಯಿ ಕಟ್ಟಲು.

ಶೋರೂಮಿನ ಲಕ್ಷ್ಮೀಕಾಂತನಿಗೆ ಊರಿನವರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠವಾಗಿತ್ತು: ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಮಳೆಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ. ಉಗ್ರಪ್ಪ ಒಂದನ್ನೂ ಕೇಳಲಿಲ್ಲ. ಬಾನೆಟ್ಟಿಗೆ ಕಿವಿಯಿಟ್ಟು “ಸ್ಟಾರ್ಟ್ ಮಾಡಪ್ಪ” ಎಂದ.

“ಆಗೈತೆ ಸಾರ್.”

“ಯಾವಾಗ?”

“ಆಗ್ಲೇ.”

“ಇದನ್ನೇ ಕೊಡು.”

ಹಳೆಯ ಜೀಪಿನ ದಯೆಯಿಂದ ಮನೆ ಕಟ್ಟಿಸಿದ್ದ ಮೆಕ್ಯಾನಿಕ್ ತಿಪ್ಪೇಸ್ವಾಮಿಗೆ ಮಾತ್ರ ಇದು ಸರಿಬರಲಿಲ್ಲ. “ಪೆನುಕೊಂಡ ದಾಟಾಕಿಲ್ಲ ಕಣಣ್ಣ ಇದು. ತಳ್ಳಾಕೆ ಅಂತ ಇಬ್ರನ್ನ ಹಿಂದಿನ ಸೀಟಾಗೆ ಕೂರಿಸ್ಕೊಂಡು ಹೋಗು.”

ಈಗ, ಶುಕ್ರವಾರ, ಕಾರು ಹೊರಟಿತು. ದಾರಿಯಲ್ಲಿ ಮಲಗಿದ್ದ ನಾಯಿ ಕಾರು ಮೂಗಿನ ಹತ್ತಿರ ಬರುವವರೆಗೂ ಕಣ್ಣು ಬಿಡಲಿಲ್ಲ. ಹಾರ್ನ್ ಹೊಡೆಯುವಂತಿಲ್ಲ, ಕೃಷ್ಣವೇಣಿ ಇಳಿದು ಅದನ್ನು ಪಿಸುಮಾತಿನಲ್ಲಿ ಗದರಿಸಿ ಎಬ್ಬಿಸಿದಳು. ತಿರುವು ದಾಟಿದ ಮೇಲೆ ಸೆರಗು ಬಿಚ್ಚಿದಳು. ಬಳೆಗಳು ಘಲ್ಲೆಂದವು.

“ಮುದುಕಿಗೆ ಗೊತ್ತೇ ಆಗ್ಲಿಲ್ಲ ನೋಡ್ರಿ.”

“ನಮ್ಮ ಸುಷ್ಮಾ ತಲೆ ಅಂದ್ರೆ ತಲೆ” ಎಂದ ಉಗ್ರಪ್ಪ.

ಪೆನುಕೊಂಡ ದಾಟಿತು. ಟೈರು ಒಡೆಯಲಿಲ್ಲ, ಯಾರೂ ತಳ್ಳಲಿಲ್ಲ. ಒಂಬತ್ತೂವರೆಗೆ ಕಲ್ಯಾಣದುರ್ಗ.

ಹುಡುಗನ ತಂದೆ ಕದಿರಣ್ಣ ರಸ್ತೆಗೇ ಬಂದು ಕೈಮುಗಿದು ನಿಂತಿದ್ದ. ಕಾರನ್ನು ಮನೆಯ ಕಡೆ ಬಿಡದೆ, ಲಾರಿಗಳ ಸಾಲು ತಪ್ಪಿಸಿ, ನೇರ ವ್ಯಾಪಾರದ ಜಾಗಕ್ಕೇ ಕರೆದ.

“ಇಲ್ಲೇ ನಿಲ್ಸಿ ಬಾವಗಾರು. ನಮ್ಮನೇಗೆ ಬಂದ ನೆಂಟ್ರಿಗೆ ನೀರಿಗಿಂತ ಮುಂಚೆ ಇದು. ಫುಲ್ ಟ್ಯಾಂಕ್. ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದದ್ದು.”

ಹೇಳಿದವನೇ ಪೆಟ್ರೋಲ್ ಪಂಪಿನ ಪೈಪು ಕೈಗೆತ್ತಿಕೊಂಡ.

ಉಗ್ರಪ್ಪ ಬಾಯಿ ತೆರೆದ. ಅವನೂ ಕಾರಿನಂತೆ ಸದ್ದಿಲ್ಲದೆಯೇ ಸ್ಟಾರ್ಟ್ ಆಗಿದ್ದ. ಕದಿರಣ್ಣ ಎಡಕ್ಕೆ ಬಂದ, ಬಲಕ್ಕೆ ಹೋದ, ಪೈಪು ಹಿಡಿದು ಕಾರಿಗೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿದ. ಲಾರಿಯವರೂ ಇಳಿದು ಹುಡುಕಿದರು. ಅವರಲ್ಲೊಬ್ಬ “ಇಲ್ಲೈತಣ್ಣ ಮುಚ್ಚಳ” ಎಂದು ತೆರೆದು ತೋರಿಸಿದ. ಒಳಗೆ ಗೋಡೆಯ ಪ್ಲಗ್ಗಿನಲ್ಲಿರುವಂಥ ತೂತುಗಳು.

ಕದಿರಣ್ಣ ಪೈಪು ನೋಡಿದ. ತೂತು ನೋಡಿದ. ಪೈಪನ್ನು ಮೆಲ್ಲಗೆ ಜಾಗಕ್ಕೆ ಸಿಕ್ಕಿಸಿದ.

“ನಮ್ಮ ಬಂಕ್ ಮುಚ್ಸೋ ಗಾಡಿನಾಗೇ ನಮ್ಮನೆ ಸಂಬಂಧ ಕೇಳಾಕೆ ಬಂದ್ರಾ ಬಾವಗಾರು?” ಎಂದ. ಆಮೇಲೆ ಮಗನ ಕಡೆ ತಿರುಗಿ, “ಅಶೋಕಾ, ಆ ಗೋರಂಟ್ಲದೋರಿಗೆ ಫೋನ್ ಹಚ್ಚು.”

ಹಿಂದೂಪುರದಲ್ಲಿ ಸುಷ್ಮಾ ಅಮ್ಮನ ಅಳು ಕೇಳಿ ಮುಗಿಸಿ, ಫೋನಿಟ್ಟು, ಎಲೆ ಅಡಿಕೆ ಹಿಡಿದು ಕಾಂಪೌಂಡಿನ ಬಳಿ ಹೋದಳು. ಓಬಕ್ಕನ ಮುಖ ಊದಿಕೊಂಡಿತ್ತು.

“ಇವತ್ಯಾಕವ್ವ ‘ಎಲ್ಲಿಗೆ’ ಅಂತ ಕೇಳಾಕೆ ನನ್ನ ಕರೀಲಿಲ್ಲ? ನಿನ್ನ ಎಲೆ ಅಡ್ಕೆ ಸುಮ್ಕೆ ತಿಂದಂಗಾಯ್ತು.”

“ಮೂರು ಸಲ ಕೇಳಿದ್ದು ಸಾಕು ಅಜ್ಜಿ” ಎಂದಳು ಸುಷ್ಮಾ. “ಈ ಸಲ ಕಾರೇ ನೋಡ್ಕೊಂತು.”