ಹಿರಿಯರ ಎಡೆಗೆ ನಿಂಬೆ ಮೀನು

"ಎಡೆಗೆ ಆಡಿನ ಹಿಕ್ಕೆ ಬಡಿಸಿದ್ದಾಳೆ, ಬಂದು ನೋಡವ್ವ!" ಎಂದು ಬೈರಯ್ಯ ನಡುಮನೆಯಲ್ಲಿ ನಿಂತು ಕೂಗಿದ ರಭಸಕ್ಕೆ ಬಾಗಿಲಾಚೆ ಮಲಗಿದ್ದ ಬೀದಿನಾಯಿ ಎದ್ದು ಜಾಗ ಬದಲಾಯಿಸಿತು.

"ಹಿಕ್ಕೆ ಅಲ್ಲ ಮಾವ, ಆಲಿವ್ ಕಾಯಿ. ಹಾರ್ಟಿಗೆ ಒಳ್ಳೇದು," ಎಂದಳು ಸೊಸೆ ತನುಶ್ರೀ.

"ಅದಕ್ಕೇ ಆಡು ಇಲ್ಲ, ಹಿಕ್ಕೆ ಮಾತ್ರ ಇದೆ! ಮಟನ್ ಎಲ್ಲಮ್ಮ?"

ಮಟನ್ ಇರಲಿಲ್ಲ. ಮಹಾಲಯ ಅಮಾವಾಸ್ಯೆಯ ಸಂಜೆ, ಚಾಮರಾಜಪೇಟೆಯ ಆ ಮನೆಯಲ್ಲಿ ಹಿರಿಯರ ಎಡೆಯ ಬಾಳೆಲೆಯ ಮೇಲೆ, ಬೆಳ್ಳುಳ್ಳಿ ನಿಂಬೆರಸ ಹಚ್ಚಿ ಮುಚ್ಚಿ ಬೇಯಿಸಿದ ಬಂಗಡೆ ಮೀನಿತ್ತು. ಪಕ್ಕದಲ್ಲಿ ಚರ್ಮ ಸುಲಿದ ಕೋಳಿ ತುಂಡುಗಳು ಟೊಮ್ಯಾಟೊ, ಕಾಬೂಲ್ ಕಡಲೆಯ ಜೊತೆ ಆಲಿವ್ ಎಣ್ಣೆ ಸವರಿಕೊಂಡು ಕೂತಿದ್ದವು. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಟ್ಟರೋ ಅದನ್ನೇ ಎಡೆ ಇಡುವುದು ಪದ್ಧತಿ. ಬೈರಯ್ಯನ ಅಪ್ಪ ದಾಸಪ್ಪ ಇಷ್ಟಪಟ್ಟದ್ದು ಬೋಟಿ ಗೊಜ್ಜು, ಕೈಮಾ ಉಂಡೆ, ಕೊಬ್ಬು ತೇಲುವ ಮಟನ್ ಸಾರು. ಹಿರಿಯರು ಕಣ್ಣಲ್ಲಿ ಉಂಡ ಮೇಲೆ ಅದೆಲ್ಲ ಹೋಗುವುದು ಮನೆಯವರ ಹೊಟ್ಟೆಗೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗಿನಿಂದ ಸೊಸೆಯ ಪಥ್ಯ ನುಂಗುತ್ತಿದ್ದ ಬೈರಯ್ಯ ಈ ಒಂದು ಸಂಜೆಗಾಗಿ ಬಾಯಿ ಕಟ್ಟಿಕೊಂಡು ಕಾದಿದ್ದ. ಡಾಕ್ಟರು ನನಗೆ ಬೇಡ ಎನ್ನಬಹುದು, ಸತ್ತವರಿಗೆ ಯಾವ ಡಾಕ್ಟರು ಬೇಡ ಎಂದಾನು ಎಂಬುದು ಅವನ ಲೆಕ್ಕ.

"ನಂಗೆ ಹುಲ್ಲು ಹಾಕು, ತಿಂತೀನಿ. ಸತ್ತೋರಿಗೂ ಡಯಟ್ಟಾ? ನಮ್ಮಪ್ಪಂಗೆ ಇನ್ನು ಯಾವ ಹಾರ್ಟು ಉಳಿದಿದೆ ಅಂತ?"

"ತಾತಂಗೆ ಏನೂ ಆಗಲ್ಲ ಮಾವ. ಆಮೇಲೆ ತಿನ್ನೋರು ಯಾರು ಅನ್ನೋದು ನಂಗೊತ್ತು. ಆವತ್ತು ಆಸ್ಪತ್ರೆಗೆ ಆಟೋದಲ್ಲಿ ನಿಮ್ಮನ್ನ ತೊಡೆ ಮೇಲೆ ಮಲಗಿಸ್ಕೊಂಡು ಹೋದವಳು ನಾನು. ಇನ್ನೊಂದು ಸಲ ನಂಗಾಗಲ್ಲ."

ಉತ್ತರ ಹೊಳೆಯದಿದ್ದಾಗ ಬೈರಯ್ಯನ ದನಿ ಇನ್ನೂ ಜೋರಾಗುತ್ತದೆ. ಇದನ್ನು ಬಲ್ಲ ಮಗ ಹೂ ತರುವ ನೆಪದಲ್ಲಿ ಆಗಲೇ ಬೀದಿಗಿಳಿದಿದ್ದ.

"ಸರಿ, ಮಾಳಿಗೆ ಮೇಲೆ ಕಾಗೆಗೆ ಇಡೋಣ. ಕಾಗೆ ಮುಟ್ಟಲಿಲ್ಲ ಅಂದ್ರೆ ಅಪ್ಪ ಒಪ್ಪಲಿಲ್ಲ ಅಂತ. ಮಟನ್ ತಂದು ಹೊಸ ಎಡೆ ಇಡ್ಬೇಕು. ನಾಳೆಯಿಂದ ನಿನ್ನ ನಿಂಬೆಹಣ್ಣಿನ ಅಡುಗೆನೂ ಬಂದ್!"

"ಮುಟ್ಟಿದ್ರೆ?"

"ಮುಟ್ಟಿದ್ರೆ ನೀನು ಹಾಕಿದ್ದನ್ನ ಬಾಯ್ಮುಚ್ಕೊಂಡು ತಿಂತೀನಿ."

"ಬಾಯ್ಮುಚ್ಕೊಂಡು ಹೆಂಗ್ ತಿಂತೀರಾ ಮಾವ?"

"ಹೋಗಮ್ಮ ಮೇಲೆ!"

ಮೂವರೂ ಮಾಳಿಗೆ ಹತ್ತಿದರು. ಬೈರಯ್ಯನ ತಾಯಿ ಸಿದ್ದಮ್ಮ ಮೊಣಕಾಲು ಹಿಡಿದುಕೊಂಡು ಕೊನೆಗೆ ಬಂದಳು. ಈಗ ಪೇಟೆಯಲ್ಲಿ ಪಾರಿವಾಳ ಬೇಕಾದಷ್ಟು, ಕಾಗೆ ಹುಡುಕಬೇಕು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಮಾತ್ರ ಒಂದು ಕೂತಿತ್ತು. ತನುಶ್ರೀ ಒಂದು ಮೀನು, ಎರಡು ತುಂಡು ಕೋಳಿ ಬಡಿಸಿದ ಚಿಕ್ಕ ಎಲೆಯನ್ನು ಕಟ್ಟೆಯ ಮೇಲೆ ಇಟ್ಟಳು. ಪ್ರತಿ ವರ್ಷ ಕಾ ಕಾ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಬೈರಯ್ಯ ಈ ಸಲ ಕೈಕಟ್ಟಿ, ತುಟಿ ಬಿಗಿದು, ಆಕಾಶ ನೋಡುತ್ತ ನಿಂತ.

"ಕೂಗಿ ಮಾವ."

"ಗಂಟಲು ಕಟ್ಟಿದೆ."

"ಕೆಳಗೆ ಅರಚೋವಾಗ ಕಟ್ಟಿರಲಿಲ್ವೇನ್ಲಾ?" ಎಂದ ಸಿದ್ದಮ್ಮ ತಾನೇ ಕೈಯೆತ್ತಿ, "ಕಾ ಕಾ! ಬನ್ನಿ, ಹೊತ್ತಾಯ್ತು, ಉಂಡು ಹೋಗಿ," ಎಂದು ಗಂಡನನ್ನು ಊಟಕ್ಕೆ ಎಬ್ಬಿಸುವ ದನಿಯಲ್ಲಿ ಕರೆದಳು.

ಕಾಗೆ ಬಂತು. ಎಲೆಯ ಸುತ್ತ ಕುಪ್ಪಳಿಸಿತು. ಕೋಳಿಯನ್ನು ಒಮ್ಮೆ ಕುಕ್ಕಿತು. ಆಮೇಲೆ ಇಡೀ ಬಂಗಡೆಯನ್ನು ಬಾಲದ ಕಡೆಯಿಂದ ಕಚ್ಚಿಕೊಂಡು, ಭಾರಕ್ಕೆ ಒಂದಿಷ್ಟು ಜೋಲಿ ಹೊಡೆದು, ಹಾರಿಹೋಯಿತು.

ತನುಶ್ರೀ ಚಪ್ಪಾಳೆ ತಟ್ಟಿದಳು.

"ಅದು ನಮ್ಮಪ್ಪ ಅಲ್ಲ!" ಬೈರಯ್ಯ ಕಿರುಚಿದ. "ಯಾವ ಕಡೆಯಿಂದ ಬಂತು ನೋಡಿದ್ರಾ? ಅದು ಪಕ್ಕದ್ಮನೆ ಬದರೀನಾರಾಯಣ ಅವರ ತಾತ! ಜೀವಮಾನವೆಲ್ಲ ಮೊಸರನ್ನ ಉಂಡ ಮುದುಕ. ಮೀನು ಅಂದ್ರೆ ಸಾಕು, ಹೆಂಗೆ ಮಾಡಿದ್ರೇನು!"

ಸಿದ್ದಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತನುಶ್ರೀ ನಗು ತಡೆಯಲಾಗದೆ ಅಲ್ಲೇ ಕಟ್ಟೆಗೆ ಒರಗಿದಳು. ಆದರೆ ಮಾತು ಮಾತೇ. ಬೈರಯ್ಯ ಕೆಳಗಿಳಿದು ಎಲೆಯ ಮುಂದೆ ಕೂತ.

ಮೊದಲ ತುತ್ತನ್ನು ಕಷಾಯ ಕುಡಿಯುವವನ ಮುಖ ಮಾಡಿಕೊಂಡು ನುಂಗಿದ. ಎರಡನೆಯದಕ್ಕೆ, "ಉಪ್ಪು ಸಾಲದು," ಎಂದ. ಆಮೇಲೆ ಮೀನಿನ ಮುಳ್ಳು ಒಂದೊಂದಾಗಿ ಎಲೆಯ ಅಂಚಿಗೆ ಬಂದು ಬಿದ್ದವು.

ಎದುರಿಗೆ ಕೂತಿದ್ದ ಸಿದ್ದಮ್ಮ ಮಗನ ಮುಖವನ್ನೇ ನೋಡುತ್ತಿದ್ದಳು.

"ಮೀಸೆ ಪೂರ್ತಿ ಬೆಳ್ಳಗಾಯ್ತಲ್ಲೋ ಬೈರ."

"ವಯಸ್ಸಾಗಲ್ವೇನವ್ವ? ಅದಕ್ಕೂ ಈ ಮೀನೇ ಕಾರಣ ಅಂತ ಹೇಳ್ಬೇಡ."

ಸಿದ್ದಮ್ಮ ತನುಶ್ರೀಯ ಕೈಯಿಂದ ಪಾತ್ರೆ ತೆಗೆದುಕೊಂಡು ಮಗನ ಎಲೆಗೆ ಇನ್ನೊಂದು ಮೀನು ಜಾರಿಸಿದಳು.

"ತಿನ್ನು. ನಿಮ್ಮಪ್ಪಂದು ಬೆಳ್ಳಗಾದ್ರೆ ಹೆಂಗೆ ಕಾಣೋದೋ, ನಾನು ನೋಡ್ಲೇ ಇಲ್ಲ."